ಹೊಡಿ ಅಂದಾಂವ

ಎತ್ತರದ ಮಡ್ಡಿಯ ಮೇಲಿನ ತಗಡಿನ ಶೆಡ್ಡುಗಳಿಗೆಲ್ಲ ಸೇರಿ ನೀರಿನ ನಳ ಒಂದೇ. ಅವತ್ತು ಮುಂಜಾನೆ ನಳದ ಮುಂದೆ ಕೊಡಗಳು ಸಾಲುಗಟ್ಟಿದ್ದಾಗಲೇ ಭೀಮಸಿ ಬಡಿಗೆ ಎತ್ತಿ ದುಂಡೇಶನ ಬೆನ್ನಿಗೆ ಬಾರಿಸಿದ. ಜಗಳವಿಲ್ಲ, ಮಾತಿಲ್ಲ. ದುಂಡೇಶ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ಚರಿಗೆಗೆ ನೀರು ಹಿಡಿಯಲು ಬಗ್ಗಿದ್ದ, ಅಷ್ಟೇ. ಮೊದಲ ಏಟಿಗೆ ಮುಗ್ಗರಿಸಿ ಮಂಡಿಯೂರಿದ. ಮುಂದಿನದು ಭುಜಕ್ಕೆ ಬಿತ್ತು, ಅದರ ಮುಂದಿನದು ಕಿವಿಯ ಮೇಲೆ. ಕಿವಿ ಹರಿದು ರಕ್ತ ಕುತ್ತಿಗೆಗುಂಟ ಇಳಿಯಿತು. ಹೆಂಗಸರು ಕೊಡ ಬಿಟ್ಟು ಹಿಂದೆ ಸರಿದರು. ದುಂಡೇಶ ತಲೆಗೆ ಕೈ ಅಡ್ಡ ಹಿಡಿಯಲಿಲ್ಲ, ಎದ್ದು ಓಡಲೂ ಇಲ್ಲ. ಮಳೆಯಲ್ಲಿ ನಿಂತ ಎತ್ತಿನಂತೆ ಸುಮ್ಮನೆ ಕೂತಿದ್ದ.

ಭೀಮಸಿಯ ಅಕ್ಕನ ಮಗಳು ಕೋಮಲ ಓಡಿಬಂದು ಅವನ ರಟ್ಟೆಗೆ ಜೋತುಬಿದ್ದಳು. ಅವನು ಒಮ್ಮೆ ಕೊಡವಿದ. ಅವಳು ಹೋಗಿ ನಳದ ಕಲ್ಲಿನ ಮೇಲೆ ಬಿದ್ದಳು, ಮೊಳಕೈ ಸುಲಿಯಿತು. ಅವಳು ಬಿದ್ದದ್ದನ್ನು ಕಂಡ ಮೇಲೆ ಭೀಮಸಿಯ ಕೈ ನಿಂತಿತು. ಬಡಿಗೆಯನ್ನು ಅಲ್ಲೇ ಎಸೆದು, ಯಾರ ಮುಖವನ್ನೂ ನೋಡದೆ ತನ್ನ ಶೆಡ್ಡಿನ ಕಡೆ ನಡೆದುಬಿಟ್ಟ. ದುಂಡೇಶ ಅದೇ ನಳದಲ್ಲಿ ಕಿವಿ ತೊಳೆದುಕೊಂಡ, ಚರಿಗೆ ತುಂಬಿಸಿಕೊಂಡ, ತಪ್ಪು ಮಾಡಿದವನಂತೆ ತಲೆ ಬಗ್ಗಿಸಿ ಹೊರಟುಹೋದ.

ಇದು ಮೊದಲ ಸಲವಲ್ಲ. ಹೊಳೆ ಬಂದು ಊರು ಹೋದ ವರ್ಷದಿಂದ ನಡೆದುಕೊಂಡು ಬಂದದ್ದು. ಹಬ್ಬದಲ್ಲಿ ಹೊಡೆದಿದ್ದ, ಸಂತೆಯಲ್ಲಿ ಹೊಡೆದಿದ್ದ, ಒಮ್ಮೆ ಮದುವೆಯ ಊಟದ ಪಂಕ್ತಿಯಿಂದ ಎಳೆದು ಹೊಡೆದಿದ್ದ. ಜನ ಬಿಡಿಸುತ್ತಿದ್ದರು, ಆದರೆ ಬೈಯುತ್ತಿರಲಿಲ್ಲ. ಅಕ್ಕನನ್ನು ಕಳಕೊಂಡವನ ಸಂಕಟ ಎನ್ನುತ್ತಿದ್ದರು.

ದಿಗ್ಗೇವಾಡಿಯ ಕೆಳಗೆ ಕೃಷ್ಣೆಯ ದಂಡೆಗಿದ್ದ ಅವರ ವಸ್ತಿ ಕುರಿ ಕಾಯುವವರದು. ಹೊಳೆಗೂ ಅವರಿಗೂ ಹಳೆಯ ಪರಿಚಯ. ನೀರು ಏರಿದರೆ ಕುರಿ ಹೊಡೆದುಕೊಂಡು ಮಡ್ಡಿಗೆ ಹೋಗುವುದು, ಇಳಿದರೆ ಮರಳುವುದು. ಆ ವರ್ಷದ ಆಗಸ್ಟಿನಲ್ಲಿ ಮಾತ್ರ ಹೊಳೆ ಪುರುಸೊತ್ತು ಕೊಡಲಿಲ್ಲ. ಹಟ್ಟಿಯ ಬೇಲಿ ಬಿಚ್ಚುವಷ್ಟರಲ್ಲಿ ಭೀಮಸಿಯ ಕುರಿ ಹಿಂಡು ಕಣ್ಣೆದುರೇ ತೇಲಿಹೋಯಿತು. ಜನರನ್ನಾದರೂ ಉಳಿಸೋಣ ಎಂದು ಮೇಲಿನೂರಿನ ದ್ರಾಕ್ಷಿ ತೋಟದ ಸಾವುಕಾರ ವಿರುಪಾಕ್ಷಪ್ಪ ತನ್ನ ಟ್ರ್ಯಾಕ್ಟರು ಕಳಿಸಿದ. ಅದನ್ನು ನಡೆಸುತ್ತಿದ್ದವನು ಅದೇ ವಸ್ತಿಯ ದುಂಡೇಶ. ಟ್ರೇಲಿಯಲ್ಲಿ ಹೆಂಗಸರು, ಮಕ್ಕಳು, ಗಂಟುಮೂಟೆ. ಕೋಮಲಳ ಅವ್ವ ಕಾಳವ್ವ ಒಂದು ಕುರಿಮರಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ಹಳ್ಳದ ಮೋರಿಯ ಮೇಲೆ ಕೆಂಪು ನೀರು ಹಾಯುತ್ತಿತ್ತು. ಮೋರಿಗೆ ಇಳಿದ ಮೇಲೆ ಟ್ರೇಲಿ ಪಕ್ಕಕ್ಕೆ ಜಾರಿತು, ಕೊಂಡಿಯ ಪಿನ್ನು ಮುರಿಯಿತು, ಟ್ರೇಲಿ ಮಗುಚಿತು. ಕಾಳವ್ವ ಹೋದಳು. ಅವಳ ಜೊತೆ ಒಬ್ಬ ಬಾಣಂತಿ ಮತ್ತು ಆಕೆಯ ಕೂಸು ಹೋದರು. ದುಂಡೇಶ ಟ್ರ್ಯಾಕ್ಟರಿನಿಂದ ಹಾರಿ ಕೈಗೆ ಸಿಕ್ಕ ಜಡೆಯನ್ನು ಹಿಡಿದೆಳೆದ, ಆ ಜಡೆ ಕೋಮಲಳದು. ಕಾಳವ್ವನ ಹೆಣ ನೀರು ಇಳಿದ ಮೇಲೆ ಕಬ್ಬಿನ ಗದ್ದೆಯೊಂದರಲ್ಲಿ ಸಿಕ್ಕಿತು. ಗುರುತು ಹಿಡಿದದ್ದು ಭೀಮಸಿ. ಕಾಲಿನ ಬೆಳ್ಳಿ ಕಡಗದಿಂದ ಹಿಡಿದ, ಮುಖದಿಂದಲ್ಲ.

ಅಪ್ಪನನ್ನು ಎಳೆತನದಲ್ಲೇ ಕಳಕೊಂಡಿದ್ದ ಕೋಮಲಳಿಗೆ ಸೋದರಮಾವ ಭೀಮಸಿಯೇ ಅಪ್ಪನಾಗಿದ್ದ. ರಾಯಬಾಗದ ಕಾಲೇಜಿಗೆ ಕಳಿಸಿದವನು ಅವನೇ. ಹೊಳೆ ಬಂದ ಮೇಲೆ ಎಲ್ಲರನ್ನೂ ಮಡ್ಡಿಗೆ ತಂದು ತಗಡಿನ ಕೆಳಗೆ ಇಟ್ಟರು, ಕೋಮಲಳಿಗೆ ಅವ್ವನ ಹೆಸರಿನದೊಂದು ಶೆಡ್ಡು ಬೇರೆ ಸಿಕ್ಕಿತು. ಸರಕಾರದ ಕಾಗದದಲ್ಲಿ ಅವರು ನಿರಾಶ್ರಿತರು, ಮೇಲಿನೂರಿನವರ ಬಾಯಲ್ಲಿ ಶೆಡ್ಡಿನ ಮಂದಿ. ಪಕ್ಕಾ ಮನೆ ಬರುತ್ತದೆ ಎನ್ನುತ್ತ ವರ್ಷಗಳು ಉರುಳಿದವು. ಕುರಿಯಿಲ್ಲದ ಕುರಿಗಾರರು ಕಬ್ಬು ಕಡಿಯುವ ಕೂಲಿಗೆ ಹೋದರು. ಭೀಮಸಿಯೂ ಹೋದ. ಅವನ ಹೆಂಡತಿ ಅಕ್ಕುತಾಯಿಯ ಮೈಮೇಲೂ ಆಗಾಗ ಬಾಸುಂಡೆ ಕಾಣತೊಡಗಿದವು. ಅವಳು ತನ್ನ ಮಕ್ಕಳಿಗೂ ಕಾಣದಂತೆ ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದಳು.

ನಳದ ಮುಂದಿನ ಆ ಹೊಡೆತಕ್ಕೆ ಕೆಲವು ವಾರ ಮೊದಲು, ಚಳಿಗಾಲದ ಶುರುವಿನಲ್ಲಿ, ನಿಪ್ಪಾಣಿಯಿಂದ ತಾರಾಬಾಯಿ ಎಂಬಾಕೆ ಬಂದರು. ಬೀಡಿ ಕಟ್ಟುವ ತಾಯಿಯ ಮಗಳು, ಓದಿ ಆಪ್ತಸಮಾಲೋಚಕಿ ಆದವರು. ಒಂದು ಸಂಸ್ಥೆಯ ಕಡೆಯಿಂದ ಶೆಡ್ಡಿನ ಹೆಂಗಸರಿಗೆ ಮನಸ್ಸಿನ ಪ್ರಥಮ ಚಿಕಿತ್ಸೆಯ ತರಬೇತಿ ಎಂದರು. ಅಂಗನವಾಡಿಯ ಪಡಸಾಲೆಯಲ್ಲಿ ಹತ್ತಾರು ಮಂದಿ ಕೂಡಿದರು. ಕೋಮಲ ಬಂದಳು, ಅಕ್ಕುತಾಯಿ ಬಂದಳು. ದುಂಡೇಶನ ತಾಯಿ ರಾಮವ್ವ ಬಂದು ಇನ್ನೊಂದು ಮೂಲೆ ಹಿಡಿದು ಕೂತಳು. ಅಕ್ಕುತಾಯಿಯೂ ರಾಮವ್ವನೂ ಒಬ್ಬರ ಕಡೆ ಒಬ್ಬರು ನೋಡಲಿಲ್ಲ.

ತಾರಾಬಾಯಿ ಮೊದಲಿಗೇ ಹೇಳಿದರು, ಈ ಪಾಠ ಯುದ್ಧಕ್ಕೆ ಹೆದರಿ ದೇಶ ಬಿಟ್ಟು ಓಡಿದವರಿಗಾಗಿ ಎಲ್ಲೋ ದೂರದ ಶಿಬಿರಗಳಲ್ಲಿ ಹುಟ್ಟಿದ್ದು, ಇಲ್ಲಿಗೆ ಎಷ್ಟು ಒಗ್ಗುತ್ತದೋ ನೀವೇ ಹೇಳಬೇಕು ಎಂದು. ಹೆಂಗಸರು ಮೊದಮೊದಲು ಹೌದ್ರಿ ಬಾಯಾರ ಎನ್ನುತ್ತ ಕೂತರು. ಆಮೇಲೆ ಒಂದೊಂದಾಗಿ ತಕರಾರು ಬಂದವು. ಖಿನ್ನತೆ ಎಂಬ ಮಾತು ಯಾರ ಬಾಯಿಗೂ ಹತ್ತಲಿಲ್ಲ, ಎದೆಯಲ್ಲಿ ಕಲ್ಲು ಇಟ್ಟ ಹಾಗೆ ಎಂದರೆ ಎಲ್ಲರಿಗೂ ತಿಳಿಯಿತು. ನೊಂದವರ ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು ಎಂದು ಪಾಠದಲ್ಲಿತ್ತು. ಹಿರಿಯ ಗಂಡಸಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಅವನು ಬಾಯಿ ಬಿಡುತ್ತಾನೋ ಕೈ ಎತ್ತುತ್ತಾನೋ ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ಅಕ್ಕುತಾಯಿಯೊಬ್ಬಳು ನಗಲಿಲ್ಲ. ಕಡೆಗೆ, ಪಕ್ಕದಲ್ಲಿ ಕೂತು, ಇಬ್ಬರೂ ಒಂದೇ ಕಡೆ ನೋಡುತ್ತ, ಉಣ್ಣೆ ನೂಲುತ್ತಲೋ ಅವರೆ ಸುಲಿಯುತ್ತಲೋ ಮಾತಾಡುವುದು ಎಂದು ತೀರ್ಮಾನವಾಯಿತು.

ಗಂಟು ಬಿದ್ದದ್ದು ಸಾವಿನ ಪ್ರಶ್ನೆಯಲ್ಲಿ. ಸಾಯಬೇಕು ಅನಿಸುತ್ತದೆಯೇ ಎಂದು ಬಾಯಿಬಿಟ್ಟು ಕೇಳಲೇಬೇಕು, ಕೇಳುವುದರಿಂದ ಸಾವು ಬರುವುದಿಲ್ಲ, ಕೇಳದಿದ್ದರೇ ಅಪಾಯ ಎಂದು ತಾರಾಬಾಯಿ ಪಟ್ಟು ಹಿಡಿದರು. ಹೆಂಗಸರು ಒಪ್ಪಲಿಲ್ಲ. ಅಂಥ ಮಾತು ಬಾಯಿಂದ ಬಂದರೆ ಮನೆಗೆ ಒಳ್ಳೆಯದಲ್ಲ ಎಂದರು. ಎರಡು ದಿನ ಚರ್ಚೆ ಆಯಿತು. ತಾರಾಬಾಯಿಯೂ ಮಣಿಯಲಿಲ್ಲ. ಆಗ ಮೂಲೆಯಿಂದ ರಾಮವ್ವ ಬಾಯಿ ತೆರೆದಳು.

"ಕೆಟ್ಟ ಮಾತ ಬಂದ್ರ ನಾವು ಏನಂತೇವಿ? ಬಿಡ್ತು ಅನ್ನು ಅಂತೇವಿ. ಮೊದಲ ಬಿಡ್ತು ಅಂದುಬಿಡೂದು, ಆಮ್ಯಾಲ ಕೇಳೂದು."

ತಾರಾಬಾಯಿ ಅದನ್ನು ಹಾಗೇ ಇಟ್ಟುಕೊಳ್ಳೋಣ ಎಂದರು. ಇನ್ನೂ ಎರಡು ಮಾತು ಅವರು ಒತ್ತಿ ಹೇಳಿದರು. ಎಲ್ಲಾ ಸರಿಹೋಗುತ್ತದೆ ಎಂದು ಸುಳ್ಳು ಸಮಾಧಾನ ಹೇಳಬಾರದು. ಬಡಿದಾಟದ ನಡುವೆ ನುಗ್ಗಬಾರದು, ಮೊದಲು ನಿಮ್ಮ ಜೀವ ನೋಡಿಕೊಳ್ಳಬೇಕು.

ತರಬೇತಿ ಕೇಳುವಾಗೆಲ್ಲ ಕೋಮಲಳ ಕಣ್ಣಿಗೆ ಕಟ್ಟಿದ್ದವನು ದುಂಡೇಶ. ಓಡದೆ, ತಡೆಯದೆ ಏಟು ತಿನ್ನುವವನು ಸಾವನ್ನೇ ಹುಡುಕುತ್ತಿರಬೇಕು ಎಂದು ಅವಳಿಗೆ ಅನಿಸಿತು. ಬೇಕೆಂದೇ ಅವನು ಭೀಮಸಿಯ ಶೆಡ್ಡಿನ ಮುಂದಿನಿಂದ ಹಾದುಹೋಗುವುದನ್ನೂ ಅವಳು ನೋಡಿದ್ದಳು. ಬೇರೆ ದಾರಿ ಇದ್ದರೂ ಅವನದು ಅದೇ ದಾರಿ.

ನಳದ ಹೊಡೆತದ ಮರುದಿನ ಅವಳು ಅವನನ್ನು ಕಂಡಳು. ದುಂಡೇಶ ಬೀರದೇವರ ಗುಡಿಯ ಹಿಂದೆ ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಮಣ್ಣು ಕೆರೆಯುತ್ತಿದ್ದ. ಕಿವಿಗೆ ಹಚ್ಚಿದ ಅರಿಸಿನ ಒಣಗಿ ಸಿಪ್ಪೆಯಾಗಿತ್ತು. ಅವಳೂ ಒಂದು ಕಡ್ಡಿ ತಗೊಂಡು ಪಕ್ಕದಲ್ಲಿ ಕೂತು ಮಣ್ಣು ಕೆರೆಯತೊಡಗಿದಳು. ಅವನು ಬೇಡ ಅನ್ನಲಿಲ್ಲ. ಕಬ್ಬಿನ ಕಾರ್ಖಾನೆ ಶುರುವಾದದ್ದು, ರಾಮವ್ವನ ಮಂಡಿನೋವು, ಹೀಗೆ ಏನೇನೋ ಮಾತಾಡಿದರು. ಗಂಟಲಿಗೆ ಬಂದ ಪ್ರಶ್ನೆಯನ್ನು ಅವಳು ನಾಲ್ಕು ಸಲ ನುಂಗಿದಳು. ಆಮೇಲೆ ಗಾಲಿಯನ್ನೇ ನೋಡುತ್ತ ಕೇಳಿಬಿಟ್ಟಳು.

"ಬಿಡ್ತು ಅಂದು ಕೇಳತೇನಿ ದುಂಡಣ್ಣ. ನಿನಗ ಸಾಯಬೇಕು ಅನಸತೈತೇನ?"

ದುಂಡೇಶ ಕೆರೆಯುವುದನ್ನು ನಿಲ್ಲಿಸಿದ. ಅವನಿಗೆ ಸಿಟ್ಟು ಬರಲಿಲ್ಲ.

"ಮೊದಲ ಅನಸತಿತ್ತು. ಈಗ ಇಲ್ಲ ತಂಗಿ. ನನಗ ಅವ್ವ ಅದಾಳ."

"ಮತ್ಯಾಕ ಹೊಡಿಸ್ಕೋತಿ?"

"ನನ್ನ ಹೊಡದ್ರ ಅಂವಗ ಒಂದೆರಡ ದಿನಾ ಹಗರ ಆಕ್ಕೈತಿ. ಹೊಡೀಲಿಲ್ಲಂದ್ರ ಅಂವಾ ಹೊಳಿಗಿ ಹೋಗಿ ಕೂಡ್ತಾನ, ನಾ ನೋಡೇನಿ." ಅವನು ಮತ್ತೆ ಕಡ್ಡಿಯನ್ನು ಗಾಲಿಗೆ ಒತ್ತಿದ. "ನನ್ನ ಕೇಳಿದೆಲ್ಲ, ಅದನ್ನ ನಿಮ್ಮ ಮಾಮಾನ್ನ ಕೇಳು. ಅವತ್ತ ಮೋರಿ ಮ್ಯಾಲ ಅಂವಾ ಏನಂದಾ, ನಿನಗೂ ಕೇಳಸೇತಿ."

ಕೋಮಲಳ ಕೈಯಿಂದ ಕಡ್ಡಿ ಬಿತ್ತು. ಹೌದು, ಟ್ರೇಲಿಯ ಮುಂಬದಿಗೇ ಕೂತಿದ್ದ ಅವಳಿಗೆ ಕೇಳಿಸಿತ್ತು. ಮೋರಿಯ ಹತ್ತಿರ ದುಂಡೇಶ ಟ್ರ್ಯಾಕ್ಟರು ನಿಲ್ಲಿಸಿದ್ದ. ನೀರಿನ ಸೆಳೆತ ಜಾಸ್ತಿ ಐತಿ, ದೋಣಿ ಬರುವತನಕ ಕಾಯೋಣ ಎಂದಿದ್ದ. ಟ್ರೇಲಿಯ ಮುಂದಿನ ಕೊಂಡಿಯ ಮೇಲೆ ನಿಂತಿದ್ದ ಭೀಮಸಿ, ಹಿಂಡು ಕಳಕೊಂಡು ಹುಚ್ಚನಂತಾಗಿದ್ದವನು, ಅವನ ಬೆನ್ನಿಗೆ ಗುದ್ದಿ ಕೂಗಿದ್ದ, ಹೊಡಿಲೇ, ಏನೂ ಆಗೂದಿಲ್ಲ, ಹೊಡಿ. ದುಂಡೇಶ ಗಾಡಿ ಹೊಡೆದ. ಆ ಕೂಗನ್ನು ಕೋಮಲ ಇಷ್ಟು ವರ್ಷ ನೀರಿನ ಸದ್ದು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅನ್ನ ಹಾಕಿ ಸಾಕಿದವನ ಬಾಯಿಂದ ಅದು ಬಂದದ್ದು ಎಂದು ಒಪ್ಪಿಕೊಳ್ಳಲು ಅವಳ ಮನಸ್ಸು ಬಗ್ಗಿರಲಿಲ್ಲ. ದುಂಡೇಶನಂತೂ ಈ ಮಾತನ್ನು ಪೊಲೀಸರಿಗೂ ಹೇಳಿರಲಿಲ್ಲ, ಹೆತ್ತವ್ವನಿಗೂ ಹೇಳಿರಲಿಲ್ಲ.

ಆ ಸಂಜೆ ಅವಳು ಚಹಾ ಮಾಡಿಕೊಂಡು ಮಾವನ ಶೆಡ್ಡಿಗೆ ಹೋದಳು. ಭೀಮಸಿ ಹೊಸ್ತಿಲಲ್ಲಿ ಕೂತು ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತಿದ್ದ, ಮರುದಿನ ವಿರುಪಾಕ್ಷಪ್ಪನ ಕಬ್ಬಿಗೆ ಹೋಗುವುದಿತ್ತು. ಒಳಗೆ ಅಕ್ಕುತಾಯಿಯ ಕೆಳತುಟಿ ಊದಿಕೊಂಡಿತ್ತು. ರೊಟ್ಟಿ ತಣ್ಣಗಾಗಿದ್ದಕ್ಕೆ ಬಿದ್ದ ಏಟು. ಕೋಮಲ ಮಾವನ ಪಕ್ಕದಲ್ಲಿ ಕೂತಳು. ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು ನಿಲ್ಲಲಿಲ್ಲ, ಅವಳು ಚಹಾದ ಲೋಟವನ್ನು ಅವನ ಬದಿಗೆ ಇಟ್ಟಳು. ಹುಷಾರಿರು ಎಂದಷ್ಟೇ ಹೇಳಿ ಎದ್ದುಬಂದಳು. ನಾಳೆ ಕೇಳಿದರಾಯಿತು, ಇಲ್ಲವೇ ತಾರಾಬಾಯಿ ಬಂದಾಗ ಅವರ ಜೊತೆ ಹೋಗಿ ಕೇಳಿದರಾಯಿತು ಎಂದುಕೊಂಡಳು. ಬಡಿಗೆಯ ಹೆದರಿಕೆ ಒಂದು ಕಡೆ, ಅವನು ಹೌದು ಎಂದುಬಿಟ್ಟರೆ ಎಂಬ ಹೆದರಿಕೆ ಇನ್ನೊಂದು ಕಡೆ.

ಮರುದಿನ ಕಬ್ಬಿನ ಗದ್ದೆಯಲ್ಲಿ ಕೋಮಲಳೂ ಇದ್ದಳು. ಗಂಡಸರು ಕಡಿದು ಹಾಕಿದ ಕಬ್ಬನ್ನು ಹೆಂಗಸರು ಹೊರೆ ಕಟ್ಟುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಗರಿಯ ತುರಿಕೆ ಮೈಗೆಲ್ಲ ಹತ್ತಿತ್ತು. ಬದುವಿನ ಪಕ್ಕದಲ್ಲಿ ಲೋಡಾದ ಟ್ರೇಲಿ ನಿಂತಿತ್ತು, ದುಂಡೇಶ ಸೀಟಿನಲ್ಲಿದ್ದ. ಭೀಮಸಿ ದೂರದ ಸಾಲಿನಲ್ಲಿ ಕಡಿಯುತ್ತಿದ್ದ. ಒಬ್ಬರಿಗೊಬ್ಬರು ಎದುರಾಗದಂತೆ ತೋಟದ ಮೇಸ್ತ್ರಿ ಅಣ್ಣಾಸಾಬ ಮೊದಲೇ ವ್ಯವಸ್ಥೆ ಮಾಡಿದ್ದ.

ಬದು ಹತ್ತುವಾಗ ಟ್ರೇಲಿಯ ಒಂದು ಗಾಲಿ ನೀರು ಹಾಯಿಸಿದ ಹಸಿ ಕಾಲುವೆಯೊಳಗೆ ಕುಸಿಯಿತು. ಹೊರೆ ಒಂದು ಕಡೆಗೆ ವಾಲಿತು. ದುಂಡೇಶ ನಿಲ್ಲಿಸಿ ಹಿಂದೆ ನೋಡಿದ. ಆಳುಗಳು ಟ್ರೇಲಿಗೆ ಹೆಗಲು ಕೊಟ್ಟು ಕೂಗತೊಡಗಿದರು.

"ಹೊಡಿ ಹೊಡಿ, ಏನೂ ಆಗೂದಿಲ್ಲ, ಹೊಡಿ."

ಕೋಮಲ ಥಟ್ಟನೆ ತಲೆಯೆತ್ತಿ ಮಾವನ ಕಡೆ ನೋಡಿದಳು. ಭೀಮಸಿ ನೆಟ್ಟಗೆ ನಿಂತಿದ್ದ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎಂಜಿನ್ನು ಗುಡುಗಿ, ಗಾಲಿ ಕೆಸರು ಚಿಮ್ಮಿ, ಟ್ರೇಲಿ ಇನ್ನೊಂದು ಚೂರು ವಾಲಿತು. ಆಗ ಅವನು ಓಡಿದ. ಕಡಿದ ಕಬ್ಬಿನ ಕೂಳೆಗಳ ಮೇಲೆ ಬರಿಗಾಲಲ್ಲಿ, ಕೊಯ್ತಾ ಹಿಡಿದ ಕೈ ಮೇಲೆತ್ತಿಕೊಂಡು, ನಿಲ್ಲಿಸು ನಿಲ್ಲಿಸು ಎಂದು ಚೀರುತ್ತ ಓಡಿದ. ಟ್ರ್ಯಾಕ್ಟರಿನ ಮಡ್‌ಗಾರ್ಡು ಹತ್ತಿ, ಸ್ಟೇರಿಂಗ್ ಹಿಡಿದಿದ್ದ ಬಲಗೈ ಮೇಲೆ ಕೊಯ್ತಾ ಇಳಿಸಿದ.

ಎರಡು ಬೆರಳು ಒಮ್ಮೆಲೇ ಹೋದವು. ದುಂಡೇಶ ಕೂಗಲಿಲ್ಲ, ಆಶ್ಚರ್ಯಪಟ್ಟವನಂತೆ ತನ್ನ ಕೈ ನೋಡಿಕೊಂಡ. ಭೀಮಸಿ ಮತ್ತೆ ಎತ್ತಿದ. ಈ ಸಲ ಮಣಿಕಟ್ಟಿನ ಮೇಲೆ ಬಿತ್ತು, ಎಲುಬಿಗೆ ಕಬ್ಬಿಣ ತಗುಲಿದ ಸದ್ದು ಎಂಜಿನ್ನಿನ ಸದ್ದಿನೊಳಗೂ ಕೇಳಿಸಿತು. ರಕ್ತ ಸ್ಟೇರಿಂಗಿನ ಮೇಲೆ, ಸೀಟಿನ ಮೇಲೆ, ಭೀಮಸಿಯ ಅಂಗಿಯ ಮೇಲೆ ಹಾರಿತು. ದುಂಡೇಶ ಪಕ್ಕಕ್ಕೆ ಉರುಳಿ ಕೆಸರಿಗೆ ಬಿದ್ದ. ಯಾರೋ ಹಾರಿ ಎಂಜಿನ್ನು ನಿಲ್ಲಿಸಿದರು.

ಆಮೇಲೆ ವಿರುಪಾಕ್ಷಪ್ಪನ ಆಳುಗಳು ಭೀಮಸಿಯನ್ನು ಎಳೆದು ಕೆಡವಿದರು. ಶೆಡ್ಡಿನವನ ಸೊಕ್ಕು ಎಂದು ಒಬ್ಬ ಅಂದ. ಅಷ್ಟು ಮಾತು ಸಾಕಾಯಿತು, ಇಷ್ಟು ವರ್ಷ ಮಡ್ಡಿಯ ಮೇಲಿನವರ ಬಗ್ಗೆ ಮೇಲಿನೂರಿನವರು ನುಂಗಿಕೊಂಡದ್ದೆಲ್ಲ ಕೈಗೆ ಇಳಿಯಿತು. ಕಬ್ಬಿನ ಜಲ್ಲೆಯಿಂದ ಹೊಡೆದರು, ಜಲ್ಲೆ ಮುರಿದ ಮೇಲೆ ಹಾರೆಯ ಹಿಡಿಯಿಂದ ಹೊಡೆದರು. ಒಬ್ಬ ಮುಖಕ್ಕೆ ಒದ್ದ. ಹಲ್ಲು ಮುರಿದು ಬಾಯ್ತುಂಬ ರಕ್ತ. ಭೀಮಸಿ ಕೈ ಅಡ್ಡ ಹಿಡಿಯಲಿಲ್ಲ. ಅಷ್ಟೇ ಅಲ್ಲ, ಹೊಡಿರಿ, ಇನ್ನೂ ಹೊಡಿರಿ ಎನ್ನುತ್ತಿದ್ದ. ಕೋಮಲಳಿಗೆ ಅದು ಕೇಳಿಸಿತು. ತಾರಾಬಾಯಿ ಒತ್ತಿ ಹೇಳಿದ್ದು ಅವಳ ತಲೆಯಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಅವಳು ಕಾಲುಗಳ ನಡುವೆ ನುಗ್ಗಿ ಮಾವನ ಮೇಲೆ ಬೋರಲು ಬಿದ್ದಳು. ಇಳಿಯುತ್ತಿದ್ದ ಹಾರೆಯ ಹಿಡಿ ಅವಳ ಎಡಗೈಗೆ ಬಿತ್ತು. ಒಣ ಕಡ್ಡಿ ಮುರಿದಂತೆ ಎಲುಬು ಮುರಿಯಿತು. ಹೆಣ್ಣಿನ ಚೀರಾಟ ಎದ್ದ ಮೇಲೆ ಅಣ್ಣಾಸಾಬ ಬಂದು ಎಲ್ಲರನ್ನೂ ದೂಡಿದ.

ದುಂಡೇಶನನ್ನು ಸಾವುಕಾರನ ಜೀಪಿನಲ್ಲಿ ಮೀರಜಿಗೆ ಒಯ್ದರು. ಭೀಮಸಿಯನ್ನು ಪೊಲೀಸರು ಬಂದು ಚಿಕ್ಕೋಡಿಯ ದವಾಖಾನೆಗೆ ಸೇರಿಸಿದರು, ಪಕ್ಕೆಲುಬು ಮುರಿದಿದ್ದವು, ಒಂದು ಕಣ್ಣು ಮುಚ್ಚಿಹೋಗಿತ್ತು. ಕೋಮಲಳ ಕೈಗೂ ಅಲ್ಲೇ ಪ್ಲಾಸ್ಟರ್ ಹಾಕಿದರು.

ಮಾರನೆಯ ದಿನ ಅವಳು ವಾರ್ಡಿಗೆ ಹೋದಳು. ಭೀಮಸಿಯ ಒಂದು ಕೈಯನ್ನು ಬೇಡಿಯಿಂದ ಮಂಚದ ಕಾಲಿಗೆ ಬಿಗಿದಿದ್ದರು. ಬಾಗಿಲಲ್ಲಿ ಒಬ್ಬ ಪೊಲೀಸ್ ಮೊಬೈಲ್ ನೋಡುತ್ತ ಕೂತಿದ್ದ. ಭೀಮಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಸ್ಟೂಲನ್ನು ಎಳೆದು ಅವನ ಎದುರಿಗೆ ಇಡದೆ ತಲೆಯ ಪಕ್ಕಕ್ಕೆ ಇಟ್ಟು ಅದೇ ಗೋಡೆಯನ್ನು ನೋಡುತ್ತ ಕೂತಳು. ಒಂದೇ ಕೈಯಿಂದ ಕಿತ್ತಳೆ ಸುಲಿಯಲು ಹೆಣಗಿದಳು. ಸಿಪ್ಪೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಭೀಮಸಿ ಬೇಡಿಯಿಲ್ಲದ ಕೈ ಚಾಚಿ ಆ ಹಣ್ಣನ್ನು ಹಿಡಿದುಕೊಂಡ. ಅವನು ಹಿಡಿದ, ಅವಳು ಸುಲಿದಳು.

"ಬಿಡ್ತು ಅಂದು ಕೇಳತೇನಿ ಮಾಮಾ. ಜೀವ ಕಳಕೋಬೇಕು ಅನಸತೈತೇನ?"

ಭೀಮಸಿ ಹಣ್ಣನ್ನು ಹಾಸಿಗೆಯ ಮೇಲೆ ಇಟ್ಟ.

"ದಿನಾ," ಅಂದ. "ದಿನಾ ಅನಸತೈತಿ. ಹೊಳಿ ದಂಡಿಗಿ ಹೋಗತೇನಿ, ಬರತೇನಿ."

ಆಮೇಲೆ ಅವನು ತಡೆಯಲಿಲ್ಲ. ಅಕ್ಕನನ್ನು ಕೊಂದವನು ತಾನು ಅಂದ. ದುಂಡ್ಯಾ ನಿಲ್ಲಿಸಿದ್ದ, ಹೊಡಿ ಅಂದವನು ನಾನು, ಅವನು ಬೇಡ ಅಂದರೂ ಗುದ್ದಿ ಹೊಡೆಸಿದವನು ನಾನು ಅಂದ. ದುಂಡೇಶನ ಮುಖ ಕಂಡಾಗೆಲ್ಲ, ಇವನು ಇವತ್ತು ಬಾಯಿ ಬಿಡುತ್ತಾನೆ, ಎಲ್ಲರಿಗೂ ಹೇಳುತ್ತಾನೆ ಎಂದು ಮೈ ಉರಿಯುತ್ತಿತ್ತಂತೆ. ಅವನು ಹೇಳದೆ ಸುಮ್ಮನೆ ಏಟು ತಿಂದರೆ ಇನ್ನೂ ಉರಿಯುತ್ತಿತ್ತಂತೆ. ನಿನ್ನೆ ಗದ್ದೆಯಲ್ಲಿ ಆ ಮಾತು ಕೇಳಿ, ಟ್ರೇಲಿಯಲ್ಲಿ ಕಬ್ಬಿನ ಬದಲು ಅಕ್ಕ ಕಂಡಳಂತೆ. ಗಾಡಿ ನಿಲ್ಲಿಸಬೇಕು ಎಂದಷ್ಟೇ ಓಡಿದ್ದು, ಕೈಯಲ್ಲಿ ಕೊಯ್ತಾ ಇದ್ದದ್ದೂ ನೆನಪಿರಲಿಲ್ಲ ಅಂದ. ಎರಡನೆಯ ಏಟು ಯಾಕೆ ಹಾಕಿದೆ ಎಂದು ಕೋಮಲ ಕೇಳಿದಳು. ಅವನು ಬೇಡಿಯ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳಲು ನೋಡಿದ, ಬೇಡಿ ಬಿಡಲಿಲ್ಲ.

ನಿನ್ನ ತಪ್ಪಲ್ಲ ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಅದು ಸುಳ್ಳು, ಅವನೂ ನಂಬುತ್ತಿರಲಿಲ್ಲ.

"ನನಗೂ ಕೇಳಸಿತ್ತು ಮಾಮಾ," ಅಂದಳು. "ಅವತ್ತ ನೀ ಅಂದದ್ದು. ನನಗ ನಿನ್ನ ಮ್ಯಾಲ ಸಿಟ್ಟ ಐತಿ. ನಮ್ಮವ್ವ ಹೋದ್ಲು. ದುಂಡಣ್ಣನ ಕೈ ಹೋತು. ಆದ್ರ ನೀ ಸಾಯಬಾರದು. ಇನ್ನೊಬ್ಬರನ್ನ ಹುಗಿಯಾಕ ನನ್ನ ಕೈಯಿಂದ ಆಗೂದಿಲ್ಲ."

ಭೀಮಸಿ ಅಳಲು ಶುರು ಮಾಡಿದ. ಮುರಿದ ಪಕ್ಕೆಲುಬಿನಿಂದಾಗಿ ಅಳುವುದಕ್ಕೂ ಆಗದೆ ಬಾಯಿ ಕಚ್ಚಿ ನರಳಿದ. ಬಾಗಿಲಲ್ಲಿದ್ದ ಪೊಲೀಸ್ ಎದ್ದು ನಿಂತ. ಕೋಮಲ ಹೊರಗೆ ಹೋಗಿ ಅವನಿಗೂ ನರ್ಸಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಇವರನ್ನು ಒಂಟಿಯಾಗಿ ಬಿಡಬೇಡಿರಿ ಎಂದಳು. ಆಮೇಲೆ ತಾರಾಬಾಯಿಗೆ ಫೋನು ಮಾಡಿದಳು. ಅವರು ನಿಪ್ಪಾಣಿಯಿಂದ ಸಿಕ್ಕ ಬಸ್ಸು ಹಿಡಿದು ಬಂದರು, ಅವಳ ಪ್ಲಾಸ್ಟರ್ ನೋಡಿದರು, ಹೇಳಿದ ಮಾತು ಕೇಳಲಿಲ್ಲ ಎಂದು ಬೈದರು, ಬೈದು ಮುಗಿಸಿ ಅವಳ ತಲೆ ನೇವರಿಸಿದರು. ವಾರದೊಳಗೆ ಭೀಮಸಿಯನ್ನು ಬೆಳಗಾವಿಗೆ ಒಯ್ದು ಮನಸ್ಸಿನ ಡಾಕ್ಟರಿಗೆ ತೋರಿಸಿದರು. ಮಾತ್ರೆ ಶುರುವಾದವು. ಪಕ್ಕೆಲುಬು ಕೂಡಿದ ಮೇಲೆ ಜೈಲಿಗೆ ಹೋದ, ಕೆಲವು ತಿಂಗಳಿಗೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆದಿದೆ.

ಜಾಮೀನಿನ ಮೇಲೆ ಬಂದವನು ಮೊದಲು ಮಾಡಿದ ಕೆಲಸ, ಬೀರದೇವರ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದ್ದು. ತಾರಾಬಾಯಿ ಹೇಳಿದ್ದಲ್ಲ, ಕೋಮಲ ಹೇಳಿದ್ದೂ ಅಲ್ಲ. ಎಲ್ಲರ ಮುಂದೆ ಎದ್ದು ನಿಂತು, ಅವತ್ತು ಹೊಡಿ ಅಂದವನು ನಾನೇ, ದುಂಡೇಶನ ತಪ್ಪು ಏನೂ ಇರಲಿಲ್ಲ ಎಂದ. ಸತ್ತ ಬಾಣಂತಿಯ ಗಂಡನೂ ಅಲ್ಲಿದ್ದ. ಅವನು ಎದ್ದು ಬಂದು ಭೀಮಸಿಯ ಕೆನ್ನೆಗೆ ಹೊಡೆದ, ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತು ಮುಖ ಮುಚ್ಚಿಕೊಂಡ.

ದುಂಡೇಶನಿಗೆ ಬಲಗೈಯ ಎರಡು ಬೆರಳಿಲ್ಲ, ಮಣಿಕಟ್ಟು ತಿರುಗುವುದಿಲ್ಲ. ಟ್ರ್ಯಾಕ್ಟರು ನಡೆಸುವ ಕೆಲಸ ಹೋಯಿತು. ವಿರುಪಾಕ್ಷಪ್ಪ ಅವನನ್ನು ದ್ರಾಕ್ಷಿ ತೋಟದ ಕಾವಲಿಗೆ ಇಟ್ಟುಕೊಂಡಿದ್ದಾನೆ. ಹಿರಿಯರು ಇಬ್ಬರ ಕೈ ಕೂಡಿಸಲು ನೋಡಿದಾಗ ದುಂಡೇಶ ಒಪ್ಪಲಿಲ್ಲ.

"ಅಂವಾ ಬದುಕಲಿ ಅಂತ ಇಷ್ಟ ದಿನಾ ಹೊಡಿಸ್ಕೊಂಡೇನಿ," ಅಂದ. "ಇನ್ನ ನನ್ನ ಕಡಿಂದ ಏನೂ ಕೇಳಬ್ಯಾಡ್ರಿ."

ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ ಎಂದಿದ್ದಾನೆ. ಭೀಮಸಿಯೂ ಹಾಗೇ ಆಗಲಿ ಎಂದಿದ್ದಾನೆ.

ಅಕ್ಕುತಾಯಿ ಮಾತ್ರ ಕಾಯಲಿಲ್ಲ. ಗಂಡ ಜೈಲಿನಲ್ಲಿದ್ದಾಗಲೇ ಮಕ್ಕಳನ್ನು ಕರಕೊಂಡು ಕಾಗವಾಡದ ತವರಿಗೆ ಹೋದಳು. ತಾನು ಕೂಡ ಆ ಪಡಸಾಲೆಯಲ್ಲಿ ಕೂತು ಕೇಳಿದವಳು, ನನ್ನ ಜೀವ ಮೊದಲು ನೋಡಿಕೊಳ್ಳುತ್ತೇನೆ ಎಂದಳು. ಕೋಮಲ ಅವಳನ್ನು ತಡೆಯಲಿಲ್ಲ, ಬಸ್‌ಸ್ಟ್ಯಾಂಡಿನತನಕ ಹೋಗಿ ಗಂಟು ಹತ್ತಿಸಿ ಬಂದಳು. ಅವನು ಮಾತ್ರೆ ತಗೊಳ್ಳಲಿ, ಒಂದು ವರ್ಷ ಯಾರ ಮೇಲೂ ಕೈ ಎತ್ತದಿರಲಿ, ಆಮೇಲೆ ನೋಡೋಣ ಎಂಬುದು ಅಕ್ಕುತಾಯಿ ಹೇಳಿಕಳಿಸಿದ ಮಾತು.

ಈಗ ಭೀಮಸಿ ಒಬ್ಬನೇ ಇರುತ್ತಾನೆ. ಯಾರದೋ ಕುರಿಗಳನ್ನು ಪಾಲಿಗೆ ಮೇಯಿಸುತ್ತಾನೆ. ಬುತ್ತಿ ಕಟ್ಟಿಕೊಡು ಎಂದು ಮೊದಮೊದಲು ಕೋಮಲಳನ್ನು ಕೇಳಿದ. ನೀನೇ ಕಲಿ ಎಂದಳು ಅವಳು. ಹೋದ ಸೋಮವಾರ ಅವಳು ಮಾತ್ರೆ ಮುಗಿದಿದೆಯೇ ನೋಡಲು ಹೋದಾಗ ಅವನು ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದುತ್ತಿದ್ದ. ತಟ್ಟಿದ ರೊಟ್ಟಿ ಅಂಚಿನಲ್ಲಿ ಹರಿದಿತ್ತು, ಒಂದು ಕಡೆ ಕಪ್ಪಾಗಿ ಸೀದಿತ್ತು. ಅವನು ಅದನ್ನು ಎರಡು ಮಾಡಿ, ಸೀದ ಭಾಗ ತನಗಿಟ್ಟುಕೊಂಡು, ಉಳಿದದ್ದರ ಮೇಲೆ ಚಟ್ನಿ ಹಾಕಿ ಅವಳ ಕಡೆ ಸರಿಸಿದ. ಅವಳು ಕೂತು ತಿಂದಳು.